ಏನೂ ನಡೆಯದ ಶನಿವಾರ

ಶುಭ ಶುಕ್ರವಾರದ ಬಗ್ಗೆ ಬೈಬಲಿನಲ್ಲಿ ಗಂಟೆಗಂಟೆಯ ಲೆಕ್ಕ ಸಿಗುತ್ತದೆ. ಯೇಸುವಿನ ಕಥೆಯನ್ನು, ಅಂದರೆ ಶುಭಸಂದೇಶವನ್ನು, ಬರೆದ ನಾಲ್ವರಲ್ಲಿ ಒಬ್ಬನಾದ ಮಾರ್ಕನ ಪ್ರಕಾರ ಬೆಳಗ್ಗೆ 9ಕ್ಕೆ ಯೇಸುವನ್ನು ಶಿಲುಬೆಗೇರಿಸಿದರು, 12ಕ್ಕೆ ಕತ್ತಲೆ ಕವಿಯಿತು, 3 ಗಂಟೆಗೆ ಅವರು ಕೂಗಿ ಪ್ರಾಣ ಬಿಟ್ಟರು. ಸಮಾಧಿ ಖಾಲಿಯಾಗಿ ಕಂಡ ಭಾನುವಾರ ಬೆಳಗ್ಗೆಯಂತೂ ಓಡಾಟವೋ ಓಡಾಟ. ಮಗ್ದಲದ ಮರಿಯ ಓಡುತ್ತಾಳೆ, ಪೇತ್ರ ಓಡುತ್ತಾನೆ, ಇನ್ನೊಬ್ಬ ಶಿಷ್ಯ ಪೇತ್ರನನ್ನೂ ಹಿಂದೆ ಹಾಕಿ ಓಡುತ್ತಾನೆ. ಈ ಎರಡರ ನಡುವೆ ಇಡೀ ಒಂದು ಶನಿವಾರ ಇದೆ. ಆ ದಿನ ಏನಾಯ್ತು? ಲೂಕ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾನೆ. ಯೇಸುವಿನ ಜೊತೆಗಿದ್ದ ಹೆಂಗಸರು ನಿಯಮದ ಪ್ರಕಾರ ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ವಿಶ್ರಮಿಸಿಕೊಂಡರು, ಅಷ್ಟೇ.

ಮತ್ತಾಯ ಮಾತ್ರ ಇನ್ನೊಂದು ಸಂಗತಿ ಸೇರಿಸುತ್ತಾನೆ. ಮುಖ್ಯ ಯಾಜಕರು ರೋಮನ್ ಅಧಿಪತಿ ಪಿಲಾತನ ಹತ್ತಿರ ಹೋಗುತ್ತಾರೆ. ಶಿಷ್ಯರು ದೇಹ ಕದ್ದುಕೊಂಡು ಹೋಗಿ ಎದ್ದು ಬಂದ ಅಂತ ಸುದ್ದಿ ಹಬ್ಬಿಸಿಯಾರು ಎಂಬ ಭಯ ಅವರಿಗೆ. ಸಮಾಧಿಗೆ ಕಾವಲು ಹಾಕಿಸುತ್ತಾರೆ, ಕಲ್ಲಿಗೆ ಮುದ್ರೆ ಒತ್ತಿಸುತ್ತಾರೆ. ಅಂದರೆ ಆ ಶನಿವಾರ ಹೊರಗೆ ಓಡಾಡಿದರು ಅಂತ ನಮಗೆ ಗೊತ್ತಿರುವುದು ಹೆದರಿದ ಅಧಿಕಾರಸ್ಥರು ಮತ್ತು ಅವರ ಕಾವಲುಗಾರರು ಮಾತ್ರ. ಪ್ರೀತಿಸಿದವರು ಒಳಗಿದ್ದರು.

2020ರವರೆಗೆ ನಾನು ಈ ದಿನಕ್ಕೆ ಜಾಸ್ತಿ ಗಮನ ಕೊಟ್ಟವಳಲ್ಲ. ಪವಿತ್ರ ಶನಿವಾರ ಅಂದರೆ ಎರಡು ದೊಡ್ಡ ದಿನಗಳ ಮಧ್ಯೆ ಸಿಕ್ಕಿಕೊಂಡ ದಿನ. ಮನೆ ಗುಡಿಸುವುದು, ಬಟ್ಟೆ ಇಸ್ತ್ರಿ ಮಾಡುವುದು, ರಾತ್ರಿ ಚರ್ಚಿನ ಈಸ್ಟರ್ ಜಾಗರಣೆಗೆ ಹೊರಡುವುದು. ಆ ವರ್ಷ ಹೊರಡಲು ಎಲ್ಲೂ ಇರಲಿಲ್ಲ. ಏಪ್ರಿಲ್ 10 ಶುಭ ಶುಕ್ರವಾರ, 12 ಈಸ್ಟರ್, ಕೊರೋನಾದಿಂದ ಜಗತ್ತಿನ ಬಹುಪಾಲು ಚರ್ಚುಗಳಿಗೆ ಬೀಗ. ನಾನು ಒಂದು ಕೋಣೆಯಲ್ಲಿ, ಒಬ್ಬಳೇ.

ಹಬ್ಬವನ್ನು ಮುಂದೆ ಹಾಕಬಾರದಾ ಅಂತ ಆಗ ಎಷ್ಟೋ ಜನ ಕೇಳಿದ್ದರು. ಕೇಳುವಂಥ ಪ್ರಶ್ನೆಯೇ. ಮದುವೆಗಳು ಮುಂದೆ ಹೋದವು, ಪರೀಕ್ಷೆಗಳು ಮುಂದೆ ಹೋದವು, ಒಲಿಂಪಿಕ್ಸೇ ಮುಂದೆ ಹೋಯಿತು. ಆದರೆ ಈಸ್ಟರ್ ದಿನಾಂಕ ಯಾರದೋ ಅನುಕೂಲ ನೋಡಿ ಇಟ್ಟದ್ದಲ್ಲ. ವಸಂತದಲ್ಲಿ ಹಗಲು ರಾತ್ರಿ ಸಮವಾಗುವ ದಿನದಿಂದ ಮುಂದೆ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಚಂದ್ರನಿಗೆ ಲಾಕ್‌ಡೌನ್ ಇಲ್ಲ. ವ್ಯಾಟಿಕನ್ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಈಸ್ಟರ್ ಮುಂದೂಡಲು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅದರ ಜೊತೆಗೆ ಏನೇನು ಬಿಡಬೇಕು ಎಂಬ ಪಟ್ಟಿಯೂ ಇತ್ತು. ಗುರುವಾರದ ಪಾದ ತೊಳೆಯುವ ವಿಧಿ ಬೇಡ. ಜಾಗರಣೆಯ ರಾತ್ರಿ ಹೊರಗೆ ಬೆಂಕಿ ಹಚ್ಚುವುದು ಬೇಡ, ಮೆರವಣಿಗೆ ಬೇಡ, ಸುಮ್ನೆ ಮೊಂಬತ್ತಿ ಹಚ್ಚಿ ಶುರು ಮಾಡಿ. ಆ ಪಟ್ಟಿ ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಇನ್ನೊಬ್ಬರ ಕಾಲು ಮುಟ್ಟಬಾರದು ಅಂತ ಬರೆದು ತಿಳಿಸಬೇಕಾದ ಕಾಲ ಬಂತಲ್ಲ.

ಆ ತಿಂಗಳುಗಳ ಒಂದು ದೃಶ್ಯ ಎಲ್ಲರಿಗೂ ನೆನಪಿರಬೇಕು. ಮಾರ್ಚ್ 27ರ ಸಂಜೆ, ರೋಮಿನ ಸಂತ ಪೇತ್ರರ ಚೌಕದಲ್ಲಿ ಮಳೆ, ಅಷ್ಟು ದೊಡ್ಡ ಚೌಕ ಪೂರ್ತಿ ಖಾಲಿ, ಬಿಳಿ ಉಡುಪಿನ ಪೋಪ್ ಫ್ರಾನ್ಸಿಸ್ ಕುಂಟುತ್ತಾ ಮೆಟ್ಟಿಲು ಹತ್ತುತ್ತಿದ್ದಾರೆ. ಅವತ್ತು ಓದಿದ್ದು ಮಾರ್ಕನ ಶುಭಸಂದೇಶದ ಬಿರುಗಾಳಿಯ ಕಥೆ. ದೋಣಿ ಮುಳುಗುವಂತಿದೆ, ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾರೆ. ಅಲ್ಲಿ ಇಟ್ಟಿದ್ದ ಮರದ ಶಿಲುಬೆಯನ್ನು 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಹೊತ್ತು ತಿರುಗಿದ್ದರಂತೆ. ಆಗ ಜನ ಹಿಂದೆ ನಡೆದಿದ್ದರು. ಈಗ ಶಿಲುಬೆಯೂ ಒಂಟಿ. ಅದರ ಮೇಲೆ ಮಳೆನೀರು ಇಳಿಯುತ್ತಿತ್ತು.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಶುಭ ಶುಕ್ರವಾರದ ಶಿಲುಬೆಯ ಹಾದಿ, ಯೇಸುವಿನ ಕೊನೆಯ ನಡಿಗೆಯನ್ನು ನಿಲ್ದಾಣ ನಿಲ್ದಾಣವಾಗಿ ನೆನೆಯುವ ಪ್ರಾರ್ಥನೆ. ವಾಡಿಕೆಯಂತೆ ಅದು ರೋಮಿನ ಕೊಲೋಸಿಯಂನಲ್ಲಿ ನಡೆಯಬೇಕಿತ್ತು. ಆ ವರ್ಷ ಅದೇ ಖಾಲಿ ಚೌಕದಲ್ಲಿ ನಡೆಯಿತು. 14 ನಿಲ್ದಾಣಗಳ ಧ್ಯಾನಗಳನ್ನು ಬರೆದವರು ಇಟಲಿಯ ಪಾದುವಾ ನಗರದ ಜೈಲಿಗೆ ಸಂಬಂಧಪಟ್ಟವರು. ಜೀವಾವಧಿ ಶಿಕ್ಷೆಯವನೊಬ್ಬ, ಕೈದಿಯ ತಾಯಿ, ಕೊಲೆಯಲ್ಲಿ ಮಗಳನ್ನು ಕಳೆದುಕೊಂಡ ತಂದೆತಾಯಿ, ಜೈಲಿನ ಕಾವಲುಗಾರ, ಹೀಗೆ. ಜಗತ್ತೇ ಒಳಗೆ ಕೂತ ವಾರದಲ್ಲಿ ಒಳಗಿರುವುದು ಏನೆಂದು ಗೊತ್ತಿದ್ದವರಿಗೆ ಮಾತಾಡಲು ಬಿಟ್ಟರು. ಅವರಲ್ಲಿ ಯಾರೂ ಒಳಗಿರುವುದು ಚೆಂದ ಅಂತ ಹೇಳಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಫೋನಿಗೆ ದಿನಾ ಬರುತ್ತಿದ್ದ ಫಾರ್ವರ್ಡ್‌ಗಳೆಲ್ಲ ಒಳಗಿರುವುದು ಚೆಂದ ಅಂತಲೇ ಹೇಳುತ್ತಿದ್ದವು. ಚರ್ಚ್ ಮುಚ್ಚಿದರೇನು, ನಿನ್ನ ಹೃದಯವೇ ಚರ್ಚ್. ಏಕಾಂತ ದೇವರು ಕೊಟ್ಟ ಉಡುಗೊರೆ. ಸಂತರು ಕಾಡಿಗೆ ಹೋಗಿ ಹುಡುಕಿದ್ದು ನಿನಗೆ ಮನೆಯಲ್ಲೇ ಸಿಕ್ಕಿದೆ. ಸೂರ್ಯೋದಯದ ಚಿತ್ರದ ಮೇಲೆ ಹಳದಿ ಅಕ್ಷರ. ಕಳಿಸಿದವರ ಮನಸ್ಸು ಒಳ್ಳೆಯದೇ, ಸಂದೇಹವಿಲ್ಲ. ಆದರೆ ಬಹುಪಾಲು ಕಳಿಸಿದವರ ಮನೆಯಲ್ಲಿ ನಾಲ್ಕು ಜನ ಇದ್ದರು.

ಆರಿಸಿಕೊಂಡ ಏಕಾಂತ ಬೇರೆ, ಹೇರಿದ ಏಕಾಂತ ಬೇರೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 14ನೇ ಶತಮಾನದಲ್ಲಿ ಜೂಲಿಯನ್ ಎಂಬ ಹೆಸರಿನಿಂದ ನಾವು ಕರೆಯುವ ಒಬ್ಬ ಹೆಣ್ಣುಮಗಳಿದ್ದಳು. 1373ರಲ್ಲಿ ಸಾವಿನ ಅಂಚಿಗೆ ಹೋಗಿ ಬಂದವಳು. ಮುಂದೆ ಅವಳು ಚರ್ಚಿನ ಗೋಡೆಗೆ ಅಂಟಿಕೊಂಡ ಕೋಣೆಯೊಂದರಲ್ಲಿ ಬದುಕಿದಳು. ಅವಳ ಕಾಲದಲ್ಲೂ ಪ್ಲೇಗ್ ಮತ್ತೆ ಮತ್ತೆ ಬಂದು ಹೋಗುತ್ತಿತ್ತು. 2020ರಲ್ಲಿ ಎಲ್ಲರಿಗೂ ಅವಳ ನೆನಪಾಯಿತು, ಅವಳ ಮಾತುಗಳ ಪೋಸ್ಟರುಗಳು ಎಲ್ಲೆಲ್ಲೂ ಬಂದವು. ಆದರೆ ಅವಳು ಆ ಕೋಣೆಗೆ ತಾನಾಗಿ ಹೋದವಳು. ಮಾತು ಕೇಳಲು ಜನ ಅವಳ ಕಿಟಕಿಗೆ ಬರುತ್ತಿದ್ದರು. ನನ್ನ ಕಿಟಕಿಗೆ ಯಾರೂ ಬರುತ್ತಿರಲಿಲ್ಲ, ಬರುವಂತೆಯೂ ಇರಲಿಲ್ಲ.

ನನಗೆ ಹೆಚ್ಚು ಆಸರೆಯಾದವರು ಡೀಟ್ರಿಚ್ ಬೊನ್‌ಹೋಫರ್. ಹಿಟ್ಲರನನ್ನು ವಿರೋಧಿಸಿದ ಜರ್ಮನಿಯ ಲುಥೆರನ್ ಪಾದ್ರಿ. 1943ರ ಏಪ್ರಿಲ್ 5ಕ್ಕೆ ಅವರನ್ನು ಬಂಧಿಸಿ ಬರ್ಲಿನ್ನಿನ ಟೇಗಲ್ ಜೈಲಿಗೆ ಹಾಕಿದರು. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 25ಕ್ಕೆ, ಅದಕ್ಕಿಂತ ತಡವಾಗಿ ಈಸ್ಟರ್ ಬರಲು ಸಾಧ್ಯವೇ ಇಲ್ಲ. ಜೈಲಿನಲ್ಲಿ ಅವರ ಮೊದಲ ಹಬ್ಬ ಅದು. ಅದೇ ವರ್ಷ ನವೆಂಬರಿನಲ್ಲಿ, ಕ್ರಿಸ್ಮಸ್ ಹತ್ತಿರ ಬರುತ್ತಿರುವಾಗ ಗೆಳೆಯನಿಗೆ ಬರೆದ ಪತ್ರದಲ್ಲಿ ಅವರು ಒಂದು ಮಾತು ಹೇಳುತ್ತಾರೆ. ಕೈದಿ ಕಾಯುತ್ತಾನೆ, ಏನೇನೋ ಸಣ್ಣಪುಟ್ಟ ಕೆಲಸ ಮಾಡಿಕೊಂಡಿರುತ್ತಾನೆ, ಆದರೆ ಬಾಗಿಲು ಹೊರಗಿನಿಂದಲೇ ತೆರೆಯಬೇಕು. ಒಳಗಿನ ಬಲದಿಂದ ಬಾಗಿಲು ತೆಗೆ, ಮನಸ್ಸು ಗಟ್ಟಿ ಮಾಡಿಕೋ ಅನ್ನುವ ಉಪದೇಶ ಅಲ್ಲಿಲ್ಲ. ನಿನ್ನ ಕೈಯಲ್ಲಿಲ್ಲದ್ದು ನಿನ್ನ ಕೈಯಲ್ಲಿಲ್ಲ, ಅಷ್ಟೇ. ನನಗೆ ಆ ಹೊತ್ತಿಗೆ ಬೇಕಾಗಿದ್ದ ಸಮಾಧಾನ ಇಷ್ಟೇ ಅಳತೆಯದು.

ಗುರುವಾರ ಮತ್ತು ಶುಕ್ರವಾರ ನಾನು ಫೋನಿನಲ್ಲೇ ಪೂಜೆ ಪ್ರಾರ್ಥನೆ ನೋಡಿದೆ. ನೀರಿನ ಜಗ್ಗಿಗೆ ಫೋನು ಒರಗಿಸಿಟ್ಟಿದ್ದೆ. ಫಾದರ್ ಖಾಲಿ ಬೆಂಚುಗಳ ಮುಂದೆ ನಿಂತು ಕ್ಯಾಮೆರಾ ಎಲ್ಲಿದೆ ಅಂತ ಒಮ್ಮೊಮ್ಮೆ ಹುಡುಕುತ್ತಿದ್ದರು. ಉತ್ತರ ಹೇಳಬೇಕಾದ ಕಡೆ ನಾನು ಬಾಯಿ ತೆರೆದೆ. ಕೋಣೆಯಲ್ಲಿ ನನ್ನ ದನಿ ಒಂದೇ ಕೇಳಿಸಿ ನಾಚಿಕೆಯಾಯಿತು, ಎರಡನೇ ಸಲ ತುಟಿ ಮಾತ್ರ ಆಡಿಸಿದೆ. ನಡುವೆ ನೆಟ್‌ವರ್ಕ್ ಹೋಯಿತು. ಫಾದರ್ ಎರಡೂ ಕೈ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, ಹಾಗೆಯೇ ನಿಂತುಬಿಟ್ಟರು. ನಡುವೆ ಒಂದು ಸಣ್ಣ ಚಕ್ರ ತಿರುಗುತ್ತಿತ್ತು. ಮತ್ತೆ ಜೀವ ಬಂದಾಗ ಅವರು ಮೂರು ಪ್ರಾರ್ಥನೆ ಮುಂದೆ ಹೋಗಿದ್ದರು. ಎಲ್ಲ ಮುಗಿದ ಮೇಲೆ ಯೂಟ್ಯೂಬ್ ತಾನಾಗಿ ಮುಂದಿನ ವಿಡಿಯೊ ಹಾಕಿತು, ಗೋಡೆಯ ಪೇಂಟು ಕೆರೆಯುವುದು ಹೇಗೆ ಅಂತ. ಮುಖ ಮುಚ್ಚಿಕೊಂಡು ನಕ್ಕೆ. ಆಮೇಲೆ ನಗು ನಿಂತು ಬೇರೆ ಏನೋ ಶುರುವಾಯಿತು.

ಎರಡು ದಿನವೂ ತಪ್ಪಿಹೋದದ್ದರ ಲೆಕ್ಕವೇ. ಶಿಲುಬೆಗೆ ಮುತ್ತಿಡಲಿಲ್ಲ, ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸಿಗಲಿಲ್ಲ, ಪಕ್ಕದಲ್ಲಿ ಕೂತವರ ಕೆಮ್ಮು ಕೂಡ ಇರಲಿಲ್ಲ. (ಕೆಮ್ಮಿನ ವಿಷಯ ಆ ವರ್ಷ ಹಾಸ್ಯವಾಗಿರಲಿಲ್ಲ, ಗೊತ್ತು.)

ಶನಿವಾರ ಬಂತು. ಬೆಳಗ್ಗೆ ಎದ್ದು ಇವತ್ತು ಯಾವ ಲೈವ್ ಇದೆ ಅಂತ ಹುಡುಕಿದೆ. ಹಗಲಲ್ಲಿ ಪೂಜೆ ಇಲ್ಲ. ಲಾಕ್‌ಡೌನ್ ಕಾರಣಕ್ಕೆ ಇಲ್ಲ ಅಂತಲ್ಲ, ಯಾವ ವರ್ಷವೂ ಇರುವುದಿಲ್ಲ. ಪವಿತ್ರ ಶನಿವಾರ ಹಗಲು ಬಲಿಪೂಜೆ ಅರ್ಪಿಸುವ ಪದ್ಧತಿಯೇ ಇಲ್ಲ. ಗುರುವಾರ ರಾತ್ರಿಯೇ ಪೀಠದ ಬಟ್ಟೆ ತೆಗೆದಿರುತ್ತಾರೆ, ಬರಿಯ ಹಲಗೆ ಅಥವಾ ಬರಿಯ ಕಲ್ಲು ಕಾಣುತ್ತದೆ. ಪರಮಪ್ರಸಾದ ಇಡುವ ಪೆಟ್ಟಿಗೆ ಖಾಲಿ, ಅದರ ಬಾಗಿಲು ತೆರೆದೇ ಇರುತ್ತದೆ. ಗುರುವಾರ ಸಂಜೆ ನಿಂತ ಗಂಟೆ ಶನಿವಾರ ರಾತ್ರಿಯ ಜಾಗರಣೆವರೆಗೆ ಬಾರಿಸುವುದಿಲ್ಲ. ಸಾಯುವ ಸ್ಥಿತಿಯಲ್ಲಿ ಇರುವವರಿಗೆ ಬಿಟ್ಟರೆ ಅವತ್ತು ಯಾರಿಗೂ ಪರಮಪ್ರಸಾದ ಕೊಡುವಂತಿಲ್ಲ.

ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಅವತ್ತು ಮಾತ್ರ ಬೇರೆ ಥರ ತಾಗಿತು. ಆ ಇಡೀ ವಾರದಲ್ಲಿ ನನಗೆ ಏನೂ ತಪ್ಪಿಹೋಗದ ಹಗಲು ಅದೊಂದೇ. ಬಾಗಿಲು ತೆರೆದಿದ್ದರೂ ನಾನು ಹೋಗಿ ನೋಡುವುದು ಬರಿ ಪೀಠವನ್ನೇ. ಪೋಪ್ ಅವರಿಗೂ ಅವತ್ತು ಹಗಲು ಪೂಜೆ ಇಲ್ಲ, ನನಗೂ ಇಲ್ಲ. ವರ್ಷಕ್ಕೊಂದು ದಿನ ಇಡೀ ಧರ್ಮಸಭೆ ನಾನು ಕೂತಿರುವ ಕಡೆಯೇ ಬಂದು ಕೂರುತ್ತದೆ, ಕೊಡಲು ಏನೂ ಇಲ್ಲದೆ, ಬರಿಗೈಯಲ್ಲಿ. ಅದನ್ನು ಯಾರೂ ಸಾಂಕ್ರಾಮಿಕಕ್ಕಾಗಿ ಕಂಡುಹಿಡಿದದ್ದಲ್ಲ. ಎಷ್ಟೋ ಶತಮಾನಗಳಿಂದ ಕ್ಯಾಲೆಂಡರಿನಲ್ಲಿ ಹಾಗೇ ಬಿಟ್ಟಿದ್ದಾರೆ. ಕೊಡಲು ಏನಾದರೂ ಇದೆ ಅಂತ ತೋರಿಸಿಕೊಳ್ಳದ ದಿನವನ್ನು ಒಂದು ಧರ್ಮ ಕಾಪಾಡಿಕೊಂಡು ಬಂದಿದೆ ಎನ್ನುವುದೇ ನನಗೆ ಆಶ್ಚರ್ಯ.

ನಿಜ ಹೇಳಬೇಕೆಂದರೆ ಅದನ್ನು ಪೂರ್ತಿ ಕಾಪಾಡಿಕೊಂಡೂ ಬಂದಿರಲಿಲ್ಲ. ಈಸ್ಟರ್ ಜಾಗರಣೆ ರಾತ್ರಿಯ ವಿಧಿ. ಕತ್ತಲಲ್ಲಿ ಒಂದು ಮೊಂಬತ್ತಿ ಹಚ್ಚುತ್ತಾರೆ, ಇದೇ ಆ ರಾತ್ರಿ ಎಂದು ಹಾಡುತ್ತಾರೆ. ಆದರೆ ಕಾಲ ಹೋದಂತೆ ಅದನ್ನು ಹಿಂದೆ ಹಿಂದೆ ಎಳೆದು ಕೊನೆಗೆ ಶನಿವಾರ ಬೆಳಗ್ಗೆಗೇ ತಂದು ನಿಲ್ಲಿಸಿದ್ದರು. ಬೆಳಗಿನ ಬಿಸಿಲಲ್ಲಿ ನಿಂತು ಇದೇ ಆ ರಾತ್ರಿ ಅಂತ ಹಾಡುವುದು! ನೂರಾರು ವರ್ಷ ಹಾಗೇ ನಡೆಯಿತು. 1951ರಲ್ಲಿ ಪೋಪ್ 12ನೇ ಪಯಸ್ ಅದನ್ನು ಮತ್ತೆ ರಾತ್ರಿಗೆ ತರಲು ಅನುಮತಿ ಕೊಟ್ಟರು, 1955ರ ಸುಧಾರಣೆಯಲ್ಲಿ ಅದು ಎಲ್ಲರಿಗೂ ನಿಯಮವಾಯಿತು. ಶನಿವಾರಕ್ಕೆ ಅದರ ಖಾಲಿತನ ಮರಳಿ ಸಿಕ್ಕಿದ್ದು ಹಾಗೆ. ಮನುಷ್ಯರಿಗೆ ಶನಿವಾರವನ್ನು ಬೇಗ ಮುಗಿಸುವ ಆತುರ ಯಾವಾಗಲೂ ಇದ್ದದ್ದೇ ಅಲ್ವಾ. ಇಂದಿಗೂ ಶುಕ್ರವಾರ ಸಂಜೆಯೇ ಅಡ್ವಾನ್ಸ್ ಹ್ಯಾಪಿ ಈಸ್ಟರ್ ಮೆಸೇಜುಗಳು ಶುರುವಾಗುತ್ತವೆ.

ನಮಗೆ ಭಾನುವಾರದ ಸುದ್ದಿ ಗೊತ್ತಿದೆ. ಹಾಗಾಗಿ ಶನಿವಾರ ನಮಗೆ ಇಂಟರ್‌ವಲ್. ಮೊದಲ ಶನಿವಾರ ಬದುಕಿದವರಿಗೆ ಮುಂದೆ ಭಾನುವಾರ ಇದೆ ಅಂತ ಗೊತ್ತಿರಲಿಲ್ಲ. ಯೇಸು ಮೊದಲೇ ಹೇಳಿದ್ದರು, ನಿಜ. ಆದರೆ ಆ ಮಾತು ಹಿಡಿದು ಸಮಾಧಿಯ ಮುಂದೆ ಕಾದು ಕೂತ ಒಬ್ಬ ಶಿಷ್ಯನೂ ಇಲ್ಲ. ಅವರ ಲೆಕ್ಕದಲ್ಲಿ ಕಥೆ ಮುಗಿದಿತ್ತು. 2020ರ ಏಪ್ರಿಲ್‌ನಲ್ಲಿ ನಮಗೂ ಇದು ಯಾವಾಗ ಮುಗಿಯುತ್ತದೆ ಅಂತ ಗೊತ್ತಿರಲಿಲ್ಲ. ಈಗ ಹಿಂತಿರುಗಿ ನೋಡಿದರೆ ಅದಕ್ಕೆ ಶುರು ಇದೆ, ಕೊನೆ ಇದೆ. ಆಗ ಬರೀ ಮಧ್ಯ ಇತ್ತು.

ಆ ದಿನ ನಾನು ಸಮಾಧಿಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಎಷ್ಟು ಅವಸರದ ಮಣ್ಣು ಅದು! ಸಂಜೆಯಾದರೆ ಸಬ್ಬತ್ ಶುರುವಾಗುತ್ತದೆ, ಅಷ್ಟರೊಳಗೆ ಮುಗಿಸಬೇಕು. ಅರಿಮಥಾಯದ ಯೋಸೇಫ ಪಿಲಾತನ ಹತ್ತಿರ ಹೋಗಿ ಅನುಮತಿ ಕೇಳುತ್ತಾನೆ. ದೇಹ ತೆಗೆದುಕೊಳ್ಳಲೂ ಅನುಮತಿ ಬೇಕು. ನಿಕೊದೇಮ ರಕ್ತಬೋಳ ಮತ್ತು ಅಗರು ಕಲಸಿದ ಸುಗಂಧದ್ರವ್ಯ ತರುತ್ತಾನೆ. ಯೊವಾನ್ನ ಹೇಳುವ ತೂಕ ಇವತ್ತಿನ ಲೆಕ್ಕದಲ್ಲಿ 30 ಕಿಲೋಗೂ ಜಾಸ್ತಿ. ರಾಜರಿಗೆ ತರುವಷ್ಟು. ಹತ್ತಿರದಲ್ಲೇ ಒಂದು ಹೊಸ ಸಮಾಧಿ ಇತ್ತು, ಹತ್ತಿರ ಇತ್ತು ಅನ್ನುವ ಕಾರಣಕ್ಕೇ ಅಲ್ಲಿ ಇಟ್ಟರು. ಯೊವಾನ್ನನೇ ಹಾಗೆ ಹೇಳುತ್ತಾನೆ.

ಹೆಂಗಸರು? ಅವರು ದೂರ ನಿಂತು ನೋಡುತ್ತಾರೆ. ಎಲ್ಲಿ ಇಟ್ಟರು, ಹೇಗೆ ಇಟ್ಟರು ಅಂತ ಗುರುತು ಇಟ್ಟುಕೊಳ್ಳುತ್ತಾರೆ. ಆಮೇಲೆ ಮನೆಗೆ ಹೋಗಿ ತಮ್ಮ ಪಾಲಿನ ಸುಗಂಧದ್ರವ್ಯ, ತೈಲ ಸಿದ್ಧ ಮಾಡುತ್ತಾರೆ. ಇದು ಲೂಕ ಹೇಳುವ ಕ್ರಮ. ಮಾರ್ಕನ ಪ್ರಕಾರ ಸಬ್ಬತ್ ಕಳೆದ ಮೇಲೆ ಕೊಂಡು ತಂದರು. ಹೇಗೇ ಇರಲಿ, ಶನಿವಾರ ಪೂರ್ತಿ ಅವರು ಮಾಡಬೇಕೆಂದುಕೊಂಡ ಒಂದು ಕೆಲಸ ಮಾಡಲಾಗದೆ ಕೂತಿದ್ದರು. ಲೂಕನ ಒಂದು ಸಾಲು ಆ ಕೂತಿರುವುದನ್ನೇ ವಿಶ್ರಾಂತಿ ಅನ್ನುತ್ತದೆ. ಸಬ್ಬತ್ ನಿಜಕ್ಕೂ ವಿಶ್ರಾಂತಿಯ ವರ, ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಆ ಒಂದು ಶನಿವಾರ ಆ ಹೆಂಗಸರ ಕೈ ಎಷ್ಟು ಚಡಪಡಿಸಿರಬೇಕು.

ಆ ವರ್ಷ ನನ್ನ ಗೆಳತಿಯೊಬ್ಬಳ ತಂದೆ ತೀರಿಕೊಂಡರು. ದೇಹದ ಹತ್ತಿರ ಯಾರನ್ನೂ ಬಿಡಲಿಲ್ಲ. ಮಣ್ಣು ಮಾಡುವುದನ್ನು ಅವಳು ವಿಡಿಯೊ ಕಾಲ್‌ನಲ್ಲಿ ನೋಡಿದಳು, ಅದೂ ಯಾರೋ ದೂರದಿಂದ ಹಿಡಿದ ಫೋನು. ಅಪ್ಪನ ಮುಖ ಒರೆಸಲಿಲ್ಲ, ಒಳ್ಳೆ ಅಂಗಿ ಹಾಕಲಿಲ್ಲ ಅಂತ ಅವಳು ಎಷ್ಟೋ ತಿಂಗಳು ಅದನ್ನೇ ಹೇಳುತ್ತಿದ್ದಳು. ಸತ್ತರು ಅನ್ನುವುದಕ್ಕಿಂತ ಅದು ಜಾಸ್ತಿ ಚುಚ್ಚುತ್ತಿತ್ತು. ಸಮಾಧಾನ ಹೇಳಿದವರೆಲ್ಲ ಅವಳಿಗೆ ಭಾನುವಾರದ ಮಾತು ಹೇಳಿದರು. ಮತ್ತೆ ನೋಡ್ತೀಯ, ಎದ್ದು ಬರ್ತಾರೆ, ಅಳಬೇಡ. ಅವಳಿಗೆ ವಿಶ್ವಾಸ ಇಲ್ಲ ಅಂತಲ್ಲ. "ಅದೆಲ್ಲ ಸರಿ ಕಣೇ, ಆದ್ರೆ ನಾನಿನ್ನೂ ಅಲ್ಲಿಗೆ ಬಂದಿಲ್ಲ" ಅಂದಳು. ನಾನು ಅವಳಿಗೆ ಲೂಕನ ಆ ಸಾಲು ಓದಿ ಹೇಳಿದೆ. ಆ ಹೆಂಗಸರ ಸಂಕಟವೂ ಇದೇ ಆಗಿತ್ತು, ದೇಹಕ್ಕೆ ಮಾಡಬೇಕಾದದ್ದು ಮಾಡಲಾಗಲಿಲ್ಲ ಎಂಬುದು. ಅದನ್ನು ಶುಭಸಂದೇಶ ಬರೆದವರು ಸಣ್ಣ ವಿಷಯ ಅಂತ ಬಿಡಲಿಲ್ಲ. ಇಡೀ ಭಾನುವಾರದ ಕಥೆ ಶುರುವಾಗುವುದೇ ಆ ಉಳಿದುಹೋದ ಕೆಲಸದಿಂದ.

ಶನಿವಾರ ಮಧ್ಯಾಹ್ನ ನಾನು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೆರೆದಿಟ್ಟುಕೊಂಡಿದ್ದೆ. ಒಂದು ಹಾನ್ಸ್ ಹೋಲ್‌ಬೈನ್ ಬರೆದದ್ದು, 1521-22ರ ಸುಮಾರಿನದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮ್ಯೂಸಿಯಮ್ಮಿನಲ್ಲಿದೆ. ಸಮಾಧಿಯಲ್ಲಿ ಮಲಗಿದ ಯೇಸು. ಚಿತ್ರದ ಉದ್ದ 2 ಮೀಟರ್, ಎತ್ತರ 30 ಸೆಂಟಿಮೀಟರ್ ಚಿಲ್ಲರೆ. ಒಂದು ದೇಹ ತೂರಿಸುವಷ್ಟೇ ಜಾಗ. ಮುಖದ ಮೇಲೆ ಕಲ್ಲು ಹೆಚ್ಚುಕಡಿಮೆ ತಾಗುತ್ತದೆ. ಬಾಯಿ ತೆರೆದಿದೆ, ಕಣ್ಣನ್ನು ಯಾರೂ ಮುಚ್ಚಿಲ್ಲ. ಬಲಗೈ ಹಸಿರು ಕಪ್ಪು ತಿರುಗಿದೆ, ನಡುಬೆರಳು ಹಾಸಿದ ಬಟ್ಟೆಯನ್ನು ಒತ್ತುತ್ತಿದೆ. ಪ್ರಭೆ ಇಲ್ಲ, ದೇವದೂತರಿಲ್ಲ. ಈ ದೇಹ ಏಳುತ್ತದೆ ಎನ್ನುವ ಒಂದು ಸುಳಿವೂ ಇಲ್ಲ. ಸಣ್ಣ ಕೋಣೆಯಲ್ಲಿ ಕೂತು ಅದನ್ನು ನೋಡುವಾಗ ಮೊದಲು ಉಸಿರು ಕಟ್ಟಿತು. ಆಮೇಲೆ ಯಾಕೋ ಹಗುರಾಯಿತು. ದೇವರು ಮನುಷ್ಯನಾದ ಅನ್ನುವ ವಿಶ್ವಾಸ ಹಿಡಿದವರು ಇಲ್ಲಿಯವರೆಗೂ ಬರಬೇಕಾಗುತ್ತದೆ. ಮುಚ್ಚಿದ ಜಾಗದಲ್ಲಿ, ಮಾತಿಲ್ಲದೆ, ಯಾರಿಗೂ ಏನೂ ಮಾಡಲಾಗದೆ ಬಿದ್ದಿರುವುದೂ ಆತನಿಗೆ ಗೊತ್ತು.

ಇನ್ನೊಂದು ಇಸ್ತಾಂಬುಲ್‌ನ ಹಿಂದೆ ಚರ್ಚಾಗಿದ್ದ ಖೋರಾದ ಗೋಡೆಚಿತ್ರ, 14ನೇ ಶತಮಾನದ ಆರಂಭದ್ದು. ಇದೂ ಅದೇ ಶನಿವಾರವೇ, ಆದರೆ ಒಳಗಿನಿಂದ. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳು ಈ ದಿನವನ್ನು ಹೀಗೆ ಕಾಣುತ್ತವೆ. ಹೊರಗೆ ಏನೂ ನಡೆಯದಂತೆ ಕಾಣುವಾಗ ಕ್ರಿಸ್ತ ಸತ್ತವರ ಲೋಕಕ್ಕೆ ಇಳಿದಿದ್ದಾರೆ. ನಾವು ವಿಶ್ವಾಸ ಪ್ರಮಾಣದಲ್ಲಿ ಪಾತಾಳಕ್ಕೆ ಇಳಿದರು ಅಂತ ಗಡಗಡ ಹೇಳಿ ಮುಂದೆ ಹೋಗುತ್ತೇವಲ್ಲ, ಅದೇ. ಬಿಳಿ ಉಡುಪಿನ ಕ್ರಿಸ್ತ ಒಂದು ಕೈಯಲ್ಲಿ ಆದಾಮನನ್ನು, ಇನ್ನೊಂದರಲ್ಲಿ ಹವ್ವಳನ್ನು ಗೋರಿಯಿಂದ ಮೇಲಕ್ಕೆ ಎಳೆಯುತ್ತಿದ್ದಾರೆ. ಎಳೆಯುವ ರಭಸಕ್ಕೆ ಆದಾಮ ಹೆಚ್ಚುಕಡಿಮೆ ಹಾರುತ್ತಿದ್ದಾನೆ. ಹಿಡಿದಿರುವುದು ಮಣಿಕಟ್ಟನ್ನು. ಅವರು ಹಿಡಿದುಕೊಳ್ಳಬೇಕಾಗಿಯೇ ಇಲ್ಲ, ಅವರಿಗೆ ಆ ಶಕ್ತಿಯೂ ಇಲ್ಲ. ಕೆಳಗೆ ಕತ್ತಲಲ್ಲಿ ಮುರಿದ ಬಾಗಿಲು, ಬೀಗ, ಕೀಲು, ಅಗುಳಿ ಎಲ್ಲ ಚೆಲ್ಲಾಪಿಲ್ಲಿ. ಬೊನ್‌ಹೋಫರ್ ಹೇಳಿದ ಬಾಗಿಲು ಇದೇ ಇರಬೇಕು ಅನ್ನಿಸಿತು.

ಎರಡರಲ್ಲಿ ಯಾವುದು ಸರಿ ಅಂತ ಕೇಳಿದರೆ ನಾನು ಹೋಲ್‌ಬೈನ್ ಪಕ್ಕ. ಖೋರಾದ ಚಿತ್ರ ಸುಳ್ಳು ಅಂತಲ್ಲ. ಆದರೆ ಅದನ್ನು ಕಾಣಲು ಪಾತಾಳದ ಒಳಗೆ ಇರಬೇಕು, ಅಥವಾ ಭಾನುವಾರ ಕಳೆದಿರಬೇಕು. ಶನಿವಾರ ಹೊರಗೆ ಕೂತವರಿಗೆ ಕಾಣುವುದು ಕಲ್ಲು ಮಾತ್ರ. ಒಳಗೆ ಏನೋ ನಡೆಯುತ್ತಿದೆ ಅಂತ ನಂಬಬಹುದು, ನೋಡಲಾಗುವುದಿಲ್ಲ.

ಅವತ್ತು ರಾತ್ರಿ ಜಾಗರಣೆಯನ್ನು ಫೋನಿನಲ್ಲಿ ನೋಡಿದೆ. ಬೆಂಕಿ ಇಲ್ಲ, ಮೆರವಣಿಗೆ ಇಲ್ಲ, ಆದೇಶದಲ್ಲಿ ಹೇಳಿದಂತೆ. ಫಾದರ್ ಮೊಂಬತ್ತಿ ಹಚ್ಚಿದರು. ನಾನೂ ಕರೆಂಟು ಹೋದಾಗ ಹಚ್ಚುವ ಮೊಂಬತ್ತಿಯೊಂದನ್ನು ಹಚ್ಚಿಟ್ಟೆ. ಗಂಟೆ ಬಾರಿಸಿತು, ಫೋನಿನ ಸ್ಪೀಕರಿನಲ್ಲಿ ಅದು ತಟ್ಟೆ ಬಡಿದಂತೆ ಕೇಳಿಸಿತು. ಮರುದಿನ ಈಸ್ಟರ್. ಎಲ್ಲರಿಗೂ ಫೋನ್ ಮಾಡಿದೆ, ನಕ್ಕೆ, ಶುಭಾಶಯ ಹೇಳಿದೆ. ಸೋಮವಾರ ಎದ್ದರೆ ಅದೇ ಕೋಣೆ, ಅದೇ ಬಾಗಿಲು. ಕ್ರಿಸ್ತ ಎದ್ದಿದ್ದಾರೆ, ನಾನು ಹೊರಗೆ ಹೋಗುವಂತಿಲ್ಲ.

ಆ ವಾರದಲ್ಲೇ ಯೊವಾನ್ನನ 20ನೇ ಅಧ್ಯಾಯ ನನಗೆ ಬೇಕಾಯಿತು. ಭಾನುವಾರ ಸಂಜೆ. ಬೆಳಗ್ಗೆಯೇ ಮಗ್ದಲದ ಮರಿಯ ಬಂದು ನಾನು ಪ್ರಭುವನ್ನು ನೋಡಿದೆ ಅಂತ ಹೇಳಿಯಾಗಿದೆ. ಆದರೂ ಶಿಷ್ಯರು ಹೆದರಿ ಬಾಗಿಲು ಭದ್ರ ಮಾಡಿಕೊಂಡು ಕೂತಿದ್ದಾರೆ. ಯೇಸು ಬಂದು ನಡುವೆ ನಿಲ್ಲುತ್ತಾರೆ. ಮೊದಲ ಮಾತು, ನಿಮಗೆ ಶಾಂತಿ. ಆಮೇಲೆ ಕೈ ಮತ್ತು ಪಕ್ಕೆಯ ಗಾಯ ತೋರಿಸುತ್ತಾರೆ. ಅವತ್ತು ತೋಮ ಅಲ್ಲಿರಲಿಲ್ಲ, ನಂಬುವುದಿಲ್ಲ ಅಂದ, ಅದು ಎಲ್ಲರಿಗೂ ಗೊತ್ತು. ಎಂಟು ದಿನದ ಮೇಲೆ ಮತ್ತೆ ಎಲ್ಲರೂ ಒಳಗೆ, ತೋಮನೂ ಇದ್ದಾನೆ. ಮತ್ತು ಬಾಗಿಲು ಇನ್ನೂ ಮುಚ್ಚಿಯೇ ಇದೆ!

ಇದರ ಬಗ್ಗೆ ನಾನು ಚರ್ಚಿನಲ್ಲಿ ಕೇಳಿದ ಪ್ರವಚನಗಳಲ್ಲೆಲ್ಲ ತೋಮನ ಸಂದೇಹದ್ದೇ ಮಾತು. ಬಾಗಿಲಿನ ಬಗ್ಗೆ ಯಾರೂ ಹೇಳಿದ್ದು ನೆನಪಿಲ್ಲ. ಕಣ್ಣಾರೆ ನೋಡಿದ ಹತ್ತು ಜನ, ವಾರ ಕಳೆದರೂ ಚಿಲಕ ತೆಗೆದಿಲ್ಲ. ಯೇಸು ಅದಕ್ಕೆ ಬೈಯುವುದಿಲ್ಲ. ಕಳೆದ ವಾರ ಹೇಳಿದ್ದೆನಲ್ಲ, ಇನ್ನೂ ಯಾಕೆ ಒಳಗೇ ಇದ್ದೀರಿ ಅಂತ ಕೇಳುವುದಿಲ್ಲ. ಮತ್ತೆ ಅದೇ ಮಾತು, ನಿಮಗೆ ಶಾಂತಿ. ಬೊನ್‌ಹೋಫರ್ ತಮ್ಮ ಕೊನೆಯ ಆರಾಧನೆ ನಡೆಸಿದ್ದು ಈಸ್ಟರ್ ಕಳೆದ ಇದೇ ಭಾನುವಾರ, 1945ರ ಏಪ್ರಿಲ್ 8ರಂದು, ಜೊತೆಗಿದ್ದ ಕೈದಿಗಳಿಗಾಗಿ. ಅದು ಮುಗಿಯುತ್ತಿದ್ದಂತೆ ಅವರನ್ನು ಕರೆದುಕೊಂಡು ಹೋದರು. ಮರುದಿನ ಫ್ಲೋಸನ್‌ಬರ್ಗ್‌ನಲ್ಲಿ ಇದ್ದ ನಾಜಿ ಸೆರೆಶಿಬಿರದಲ್ಲಿ ಗಲ್ಲಿಗೇರಿಸಿದರು. ಈಸ್ಟರ್ ಆದ ಮೇಲೂ ಬೀಗ ಇರುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ತಿಳಿದವರು ಕಡಿಮೆ.

ಈಗ ಎಲ್ಲ ತೆರೆದಿದೆ. ಈಸ್ಟರಿಗೆ ಚರ್ಚು ತುಂಬುತ್ತದೆ, ಕೂರಲು ಜಾಗ ಸಿಗುವುದಿಲ್ಲ, ಗಾಡಿ ನಿಲ್ಲಿಸಲಂತೂ ಇಲ್ಲವೇ ಇಲ್ಲ. ನಾನು ಶನಿವಾರ ಹಗಲು ಒಂದು ಸಲ ಹೋಗಿ ಬರಿ ಪೀಠದ ಮುಂದೆ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಹೂವು ಜೋಡಿಸುವವರು ಏಣಿ ಎಳೆದಾಡುತ್ತಿರುತ್ತಾರೆ, ಮೈಕ್ ಟೆಸ್ಟಿಂಗ್ ನಡೆದಿರುತ್ತದೆ, ಅವರಿಗೂ ರಾತ್ರಿಯೊಳಗೆ ಕೆಲಸ ಮುಗಿಯಬೇಕಲ್ಲ. ಆಮೇಲೆ ಒಬ್ಬೊಬ್ಬರೇ ಇರುವ ಪರಿಚಿತರಿಗೆ ಫೋನ್ ಮಾಡುತ್ತೇನೆ. ಹಬ್ಬದ ಶುಭಾಶಯ ಹೇಳುವುದಿಲ್ಲ, ಅದಕ್ಕೆ ನಾಳೆ ಇದೆ. ಊಟ ಆಯ್ತಾ, ಕಾಲುನೋವು ಹೇಗಿದೆ, ಇಂಥದ್ದೇ ಮಾತು.

ಗೆಳತಿಗೂ ಅವತ್ತು ತಪ್ಪದೆ ಮಾಡುತ್ತೇನೆ. ಹೋದ ಸಲ ಅವಳು ಇದ್ದಕ್ಕಿದ್ದಂತೆ ಕೇಳಿದಳು, "ಅಲ್ಲ ಕಣೇ, ಆ ಹೆಂಗಸರು ಸಮಾಧಿಗೆ ತಗೊಂಡು ಹೋದ ಸುಗಂಧದ್ರವ್ಯ ಕೊನೆಗೆ ಏನಾಯ್ತು?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಹಚ್ಚಲು ದೇಹವೇ ಇರಲಿಲ್ಲವಲ್ಲ. ಮಾರ್ಕನ ಪ್ರಕಾರ ಅವರು ನಡುಗುತ್ತಾ ಸಮಾಧಿಯಿಂದ ಓಡಿಹೋದರು, ಹಾಗಾಗಿ ಅಲ್ಲೇ ಬಿಸಾಕಿ ಓಡಿರಬೇಕು ಅಂದೆ. ಅವಳು ಒಪ್ಪಲಿಲ್ಲ. "ಯಾರು ಬಿಸಾಕ್ತಾರೆ? ಎಷ್ಟು ದುಬಾರಿ ಸಾಮಾನು! ಮನೆಗೆ ತಂದಿಟ್ಟಿರ್ತಾರೆ. ಆ ವಾರ ಇನ್ನೂ ಯಾರಾದ್ರೂ ಸತ್ತಿರ್ತಾರಲ್ಲ, ಅವರಿಗೆ ಹಚ್ಚಿರ್ತಾರೆ." ನಾನು ಬಿಸಾಕಿದರು ಅಂತಲೇ ಹಟ ಹಿಡಿದೆ. ಅವಳು ಬಿಡಲಿಲ್ಲ.